ಅಡಿಗೆಯವ, ಒಬ್ಬ

ಬಂದರು, ಮಂಗಳೂರು
16 ಮಾರ್ಚ್ 1963

ಜಯನಿಗೆ ಅದ್ದುವಿನ ಸಲಾಂ.

ಒಂಬತ್ತು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನೀನು ಇದನ್ನು ಹರಿದು ಹಾಕಬಹುದು. ಮೊದಲು ಓದು ಮಾರಾಯ, ಮತ್ತೆ ಹರಿ. ವಾಮಂಜೂರು ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಒಂದೇ ಮಣೆಯಲ್ಲಿ ಕೂತ ಸಲಿಗೆಯಿಂದ ಕೇಳ್ತಾ ಇದ್ದೇನೆ.

ನನಗೇನೂ ಕಡಿಮೆ ಇಲ್ಲ. ನಾನು ಒಂದು ಕೆಮ್ಮಿದರೆ ಬಂದರದಲ್ಲಿ ಮೂರು ಮಂಜಿ ಹಾಯಿಹಡಗುಗಳು ಲಂಗರು ಎತ್ತುತ್ತವೆ. ಮಂಜಿಗೆ ಹಂಚು ತುಂಬಿಸುವ ಮೇಸ್ತ್ರಿ ಎಂದರೆ ಈಗ ಅದ್ದು ಒಬ್ಬನೇ, ಉಳಿದವರು ಹಂಚು ಒಡೆಯುವವರು. ಅದಿರಲಿ.

ನನ್ನ ಅಕ್ಕ ಸುಹರಾಳ ಒಬ್ಬನೇ ಮಗ ಸಮದ್ ನಿನಗೆ ನೆನಪುಂಟಲ್ಲ, ನಿನ್ನ ಮದುವೆಯಲ್ಲಿ ಪಾಯಸ ಬಡಿಸಿದವ. ನಾಲ್ಕು ವರ್ಷದಿಂದ ಅವನು ಕಡಲಾಚೆ ಮರಾಸಾ ಎಂಬ ಬಂದರು ಪಟ್ಟಣದಲ್ಲಿದ್ದಾನೆ, ನಮ್ಮ ಸರಕಾರದ ಕಾನ್ಸುಲೇಟಿನಲ್ಲಿ. ಬುಧವಾರ ರೇಡಿಯೋದಲ್ಲಿ ಹೇಳಿದರು: ಅಲ್ಲಿಯ ಹೊಸ ಸರಕಾರಕ್ಕೂ ನಮ್ಮವರಿಗೂ ಎಂತದ್ದೋ ಮಾತು ಬಂದು, ಜನ ನುಗ್ಗಿ ಕಾನ್ಸುಲೇಟಿಗೆ ಬೆಂಕಿ ಇಟ್ಟರಂತೆ. ಸಿಬ್ಬಂದಿ ಎಲ್ಲ ಸುರಕ್ಷಿತ ಎಂದರು. ಹೆಸರು ಹೇಳಲಿಲ್ಲ. ಕೂಡಲೇ ಸಂಗೀತ ಹಾಕಿದರು.

ಅಂದಿನಿಂದ ನನಗೆ ಅನ್ನ ಇಳಿಯುತ್ತಾ ಇಲ್ಲ. ಬಾವ ತೀರಿಹೋದ ಮೇಲೆ ಅಕ್ಕ ನಮ್ಮ ಮನೆಯಲ್ಲೇ ಇರುವುದು, ಅವಳಿಗೆ ಹೇಳಲಿಲ್ಲ. ಬಂದರದಲ್ಲಿ ಕೇಳಿದವರಿಗೆಲ್ಲ "ಸಮದ್‌ನ ತಂತಿ ಬಂದಿದೆ, ಆರಾಮ ಇದ್ದಾನೆ" ಎಂದಿದ್ದೇನೆ. ಬಂದಿಲ್ಲ.

ನೀನು ದೆಹಲಿಯಲ್ಲಿ ನಮ್ಮ ಎಂ.ಪಿ.ಯವರ ಟೈಪಿಸ್ಟು. ಅವರು ಲೋಕಸಭೆಯಲ್ಲಿ ಎದ್ದು ನಿಂತು ಒಂದು ಮಾತು ಕೇಳಿದರೆ ಸಾಕು: ಅಬ್ದುಲ್ ಸಮದ್ ಎಲ್ಲಿ?

ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ನಿನ್ನ ಅದ್ದು


ನವದೆಹಲಿ
23 ಮಾರ್ಚ್ 1963

ಅದ್ದುವಿಗೆ,

ಹರಿಯಲಿಲ್ಲ.

ಹಳೆಯದು ಮನಸ್ಸಿನಲ್ಲಿ ಉಂಟು. ನನ್ನ ಮದುವೆಯ ದಿನ ಹೆಣ್ಣಿನ ಕಡೆಯವರಿಗೆಲ್ಲ ನಾನು ದೆಹಲಿಯಲ್ಲಿ ಅಂಡರ್ ಸೆಕ್ರೆಟರಿ ಎಂದು ಹೇಳಿದವ ನೀನು. ಟೈಪಿಸ್ಟ್ ಎಂದು ಗೊತ್ತಾದಾಗ ಗುಣವತಿಯ ಅಣ್ಣಂದಿರು ನನ್ನ ಕೈ ಹಿಡಿದು ಬೆರಳುಗಳನ್ನು ನೋಡಿ ನಕ್ಕರು. ಗುಣವತಿ ಈಗಲೂ ಅದನ್ನು ಹೇಳಿ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಸಮದ್‌ನ ವಿಷಯ ಬೇರೆ. ಎಂ.ಪಿ.ಯವರಿಗೆ ಹೇಳಿದ್ದೇನೆ. ಚೀನಾದ ಗಲಾಟೆಯ ಬಿಸಿ ಇನ್ನೂ ಆರಿಲ್ಲ, ಈಗ ಸರಕಾರವನ್ನು ಕೆಣಕಿದರೆ ದೇಶದ್ರೋಹಿ ಎಂದಾರು ಎಂದು ಮೊದಲು ಹಿಂಜರಿದರು. ಆಮೇಲೆ ಒಪ್ಪಿದರು. ಪ್ರಶ್ನೆ ಲಿಖಿತವಾಗಿ ಕೊಡಬೇಕು. ಪೂರ್ತಿ ಹೆಸರು, ತಂದೆಯ ಹೆಸರು, ಸೇರಿದ ವರ್ಷ, ಹುದ್ದೆ. ಹುದ್ದೆಯನ್ನು ಇದ್ದ ಹಾಗೇ ಬರೆ, ಅದ್ದು. ನನ್ನ ಮದುವೆಯಲ್ಲಿ ಹೇಳಿದ ಹಾಗೆ ಬೇಡ.

ಜಯ


ಬಂದರು, ಮಂಗಳೂರು
30 ಮಾರ್ಚ್ 1963

ಪ್ರಿಯ ಜಯ,

ಗುಣವತಿಯಮ್ಮ ನಗುತ್ತಾರಲ್ಲ, ಹಾಗಾದರೆ ನನ್ನ ಅರ್ಧ ಪಾಪ ಹೋಯಿತು.

ಬರೆದುಕೋ. ಅಬ್ದುಲ್ ಸಮದ್, ತಂದೆ ದಿವಂಗತ ಉಸ್ಮಾನ್, 1959ರಲ್ಲಿ ಸೇರಿದ್ದು. ಹುದ್ದೆ: ಸಹಾಯಕ ಅಧಿಕಾರಿ. ಕಾನ್ಸುಲ್ ಸಾಹೇಬರು ಅವನನ್ನು ಕೇಳದೆ ಒಂದು ಕಾಗದಕ್ಕೂ ಸಹಿ ಹಾಕುವುದಿಲ್ಲ. ಇದು ಇಡೀ ಬಂದರಕ್ಕೆ ಗೊತ್ತಿರುವ ವಿಷಯ.

ಹದಿನೇಳು ದಿನವಾಯಿತು, ಒಂದು ಗೆರೆ ಇಲ್ಲ. ಅಕ್ಕ ನಿನ್ನೆ ಕೇಳಿದಳು, "ಅದ್ದು, ಈ ತಿಂಗಳ ಕಾಗದ ಎಲ್ಲಿ?" ಅವಳಿಗೆ ಕುರ್‌ಆನ್ ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ನಮ್ಮ ಬ್ಯಾರಿ ಮಾತಿಗೆ ಅಕ್ಷರವಿಲ್ಲ, ಹಾಗಾಗಿ ಸಮದ್ ಕನ್ನಡದಲ್ಲಿ ಬರೆಯುವುದು, ನಾನು ಓದಿ ಹೇಳುವುದು. ನಾನು ಕಿಸೆಯಿಂದ ಹಂಚಿನ ಕಾರ್ಖಾನೆಯ ಚೀಟಿ ತೆಗೆದು ಬಿಡಿಸಿ ಓದಿದೆ: "ಉಮ್ಮನಿಗೆ ಸಲಾಂ. ಇಲ್ಲಿ ಸೆಕೆ ಹೆಚ್ಚು. ಕೆಲಸ ತುಂಬಾ ಉಂಟು." ಅವಳು ಆ ಚೀಟಿಯನ್ನು ಕೇಳಿ ಇಸಕೊಂಡು ಕಣ್ಣಿಗೆ ಒತ್ತಿಕೊಂಡಳು. ಐನೂರು ಹಂಚಿನ ಲೆಕ್ಕ ಇದ್ದ ಚೀಟಿ, ಜಯ.

ಬೇಗ ಕೇಳಿಸು.

ಅದ್ದು


ನವದೆಹಲಿ
25 ಏಪ್ರಿಲ್ 1963

ಅದ್ದು,

ನಿನ್ನೆ ಪ್ರಶ್ನೆ ಬಂತು. ನಾನು ಗ್ಯಾಲರಿಯಲ್ಲಿದ್ದೆ. ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ.

ಎಂ.ಪಿ.ಯವರು ಎದ್ದು ಕೇಳಿದರು, ದಾಳಿ ನಡೆದ ದಿನ ಮರಾಸಾದಲ್ಲಿದ್ದ ಸಹಾಯಕ ಅಧಿಕಾರಿ ಅಬ್ದುಲ್ ಸಮದ್ ಎಲ್ಲಿದ್ದಾರೆ? ಸರಕಾರದ ಪರವಾಗಿ ಎದ್ದವರು ಪಟ್ಟಿ ನೋಡಿ ಹೇಳಿದರು: "ಆ ಹೆಸರಿನ ಯಾವ ಅಧಿಕಾರಿಯೂ ಅಲ್ಲಿ ಎಂದೂ ಇರಲಿಲ್ಲ. ಪಟ್ಟಿಯಲ್ಲಿದ್ದ ಏಳು ಮಂದಿಯೂ ಹಡಗಿನಲ್ಲಿ ಬೊಂಬಾಯಿ ಸೇರಿದ್ದಾರೆ. ದಾಳಿಯ ಮುನ್ಸೂಚನೆ ನಮಗೆ ಯಾವುದೂ ಇರಲಿಲ್ಲ." ಹಿಂದಿನ ಬೆಂಚಿನಿಂದ ಯಾರೋ, "ಸನ್ಮಾನ್ಯ ಸದಸ್ಯರು ಬೇರೆ ದೇಶದ ಕಾನ್ಸುಲೇಟನ್ನು ಕೇಳುತ್ತಿರಬೇಕು" ಎಂದರು. ಸಭೆ ನಕ್ಕಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದಿನ ಪ್ರಶ್ನೆ ಸಕ್ಕರೆಯ ಬಗ್ಗೆ.

ಮನೆಗೆ ಬಂದು ಎಂ.ಪಿ.ಯವರು ನನ್ನನ್ನು ಕೇಳಿದ್ದು ಇಷ್ಟೇ: "ಜಯ, ನಿಮ್ಮ ಸ್ನೇಹಿತರ ಅಳಿಯ ನಿಜವಾಗಿ ಇದ್ದಾನಾ?"

ನಾನು ಅವನ ಕೈಯಿಂದ ಪಾಯಸ ಉಂಡಿದ್ದೇನೆ. ಇದ್ದಾನೆ ಎಂದೆ. ಈಗ ನೀನು ಹೇಳು. ಅವನು ಅಲ್ಲಿ ಎಂತ ಕೆಲಸ ಮಾಡುತ್ತಿದ್ದ?

ಜಯ


ಬಂದರು, ಮಂಗಳೂರು
2 ಮೇ 1963

ಜಯ,

ಅಡಿಗೆ.

ಆ ಒಂದು ಪದ ಬರೆಯಲು ನನಗೆ ಎರಡು ದಿನ ಬೇಕಾಯಿತು. ಕಾನ್ಸುಲ್ ಸಾಹೇಬರ ಅಡಿಗೆ ಕೋಣೆಯಲ್ಲಿ ದಿನಗೂಲಿ. ಈರುಳ್ಳಿ ಸುಲಿಯುವುದು, ಮೀನು ಕೊಯ್ಯುವುದು, ಬಡಿಸುವುದು, ಪಾತ್ರೆ ಬೆಳಗುವುದು. ಮೊದಲನೇ ಕಾಗದದಲ್ಲೇ ಅವನು ಸತ್ಯ ಬರೆದಿದ್ದ. ಅಕ್ಕ ಎದುರು ಕೂತಿದ್ದಳು, ಉರ್ವದಿಂದ ಅವಳ ನಾದಿನಿಯರೂ ಬಂದಿದ್ದರು. ಅವರ ಮುಖ ನೋಡಿ ನನ್ನ ಬಾಯಿಗೆ "ಆಫೀಸಿನಲ್ಲಿ ಕೂತು ಬರೆಯುವ ಕೆಲಸ" ಎಂದು ಬಂತು. ಮುಂದಿನ ಕಾಗದದಲ್ಲಿ ನಾನೇ ಅವನಿಗೆ ಒಂದು ಕುರ್ಚಿ ಕೊಟ್ಟೆ. ಆಮೇಲೆ ಫ್ಯಾನು. ಆಮೇಲೆ ಒಬ್ಬ ಜವಾನ. ನಾಲ್ಕು ವರ್ಷದಲ್ಲಿ ಬಡ್ತಿಯ ಮೇಲೆ ಬಡ್ತಿ ಕೊಟ್ಟೆ. ಬಂದರದಲ್ಲಿ ಜನ ನನ್ನನ್ನು ನೋಡಿದರೆ ಬೀಡಿ ಮರೆಮಾಡುತ್ತಿದ್ದರು ಮಾರಾಯ, ಅಷ್ಟು ಮರ್ಯಾದೆ.

ಇನ್ನೊಂದು ಕೇಳು, ಇದು ಅದಕ್ಕಿಂತ ಕೆಟ್ಟದು. ಈ ಜನವರಿಯಲ್ಲಿ ಬಂದ ಕಾಗದವನ್ನು ಇಲ್ಲಿ ಇಳಿಸುತ್ತೇನೆ:

"ಮಾಮ, ಈ ವಾರ ಗೇಟಿಗೆ ಎರಡು ಸಲ ಕಲ್ಲು ಬಿತ್ತು. ಕಾವಲಿಗೆ ಇದ್ದ ನಾಲ್ಕು ಪೊಲೀಸರಲ್ಲಿ ಮೂವರು ಈಗ ಬರುವುದಿಲ್ಲ. ಸಾಹೇಬರು ದೆಹಲಿಗೆ ಮೂರು ತಂತಿ ಕೊಟ್ಟರು. ನಾನು ಬಡಿಸುವಾಗ ಅವರು ಹೆಂಡತಿಯ ಹತ್ತಿರ ಹೇಳಿದ್ದು ಕೇಳಿದೆ, ದೆಹಲಿಯಿಂದ ಒಂದು ಸಾಲು ಉತ್ತರ ಇಲ್ಲ ಅಂತ. ನಾನು ಊರಿಗೆ ಬರಲಾ? ಉಮ್ಮನಿಗೆ ಹೆದರಿಕೆಯಾಗದ ಹಾಗೆ ಓದಿ."

ಹೆದರಿಕೆಯಾಗದ ಹಾಗೆ ಓದುವುದರಲ್ಲಿ ನಾನು ಬಿ.ಎ. ಪಾಸು. ಸಾಹೇಬರು ಸಮದ್‌ಗೆ ಕೈಗಡಿಯಾರ ಕೊಟ್ಟರು ಎಂದು ಓದಿದೆ. ಅವನಿಗೆ ಎಂತ ಉತ್ತರ ಬರೆದೆ ಗೊತ್ತುಂಟಾ? "ಸರಕಾರದ ಬಾವುಟ ಇರುವಲ್ಲಿ ಎಂತ ಹೆದರಿಕೆ, ಅಲ್ಲೇ ಇರು." ಅವನು ಬಂದರೆ ಕೈಯಲ್ಲಿ ಸುಟ್ಟ ಕಲೆ ಕಾಣ್ತದೆ, ಈರುಳ್ಳಿ ವಾಸನೆ ಬರ್ತದೆ. ನನ್ನ ಅಧಿಕಾರಿ ಎಲ್ಲಿಗೆ ಹೋಗಬೇಕು? ಅದಕ್ಕೆ ಹಾಗೆ ಬರೆದೆ.

ಮೊನ್ನೆ ಮರಾಸಾದಿಂದ ಈ ವರ್ಷದ ಕೊನೆಯ ಮಂಜಿ ಬಂತು. ಇನ್ನು ಮಳೆಗಾಲ, ಕಡಲು ಮುಚ್ಚುತ್ತದೆ. ಅದನ್ನು ನಡೆಸುವ ನಾಕುದ, ನಾವೆಲ್ಲ ಇಬ್ಬಿ ಎಂದು ಕರೆಯುವ ಮುದುಕ, ಆ ದಿನ ಅಲ್ಲೇ ಇದ್ದ. ಹಡಗು ಹತ್ತಿಸುವಾಗ ಪಟ್ಟಿ ಹಿಡಿದು ಹೆಸರು ಕೂಗಿದರಂತೆ. ಕೂಗಿದವರು ಹತ್ತಿದರು. ಸಮದ್ ಹಡಗು ಕಟ್ಟುವ ದಕ್ಕೆಯಲ್ಲಿ ನಿಂತಿದ್ದ, ಅವನ ಹೆಸರು ಕೂಗಲಿಲ್ಲ. ಅಷ್ಟರಲ್ಲಿ ಅಲ್ಲಿಯ ಸಿಪಾಯಿಗಳು ಬಂದರು. ಮುಂದೆ ಎಂತ ಆಯಿತು ಎಂದು ಕೇಳಿದರೆ ಇಬ್ಬಿ ನನ್ನ ಮುಖ ನೋಡುವುದಿಲ್ಲ, ಹಗ್ಗ ಸುತ್ತುತ್ತಾನೆ.

ನನಗೆ ತುಂಬಾ ಹೆದರಿಕೆಯಾಗ್ತಾ ಉಂಟು, ಜಯ.

ಅದ್ದು


ನವದೆಹಲಿ
13 ಮೇ 1963

ಅದ್ದು,

ನಿನ್ನನ್ನು ಬೈಯಲು ಕೂತೆ. ಗುಣವತಿ ಬೇಡ ಎಂದಳು.

ಸಭೆ ಮುಗಿದಿದೆ, ಇನ್ನು ಸೇರುವುದು ಆಗಸ್ಟಿನಲ್ಲಿ. ಜನವರಿಯ ಕಾಗದವನ್ನು ಎಂ.ಪಿ.ಯವರಿಗೆ ಓದಿದೆ. ಅವರು ಎದ್ದು ನಿಂತರು. ಮುನ್ಸೂಚನೆ ಇರಲಿಲ್ಲ ಎಂದು ಸರಕಾರ ಸಭೆಗೆ ಹೇಳಿದೆ. ಇಲ್ಲಿ ಮೂರು ತಂತಿಗಳ ಮಾತು ಉಂಟು. ಇದನ್ನು ಕೇಳದೆ ಬಿಟ್ಟರೆ ನಾನು ಆ ಬೆಂಚಿನಲ್ಲಿ ಕೂರುವುದು ಯಾತಕ್ಕೆ ಎಂದರು.

ಎರಡು ಕೆಲಸ ಆಗಬೇಕು. ಒಂದು, ಮೂಲ ಕಾಗದವನ್ನು ರಿಜಿಸ್ಟರ್ ಮಾಡಿ ಕಳಿಸು. ಎರಡು, ತಾಯಿಯ ಅರ್ಜಿ. ಟೈಪ್ ಮಾಡಿ ಇದರಲ್ಲಿಟ್ಟಿದ್ದೇನೆ. ಅವಳ ಹೆಬ್ಬೆಟ್ಟು ಬೇಕು. ಕೆಳಗಿನ ಸಾಲು ನೋಡು: "ಈ ಅರ್ಜಿಯನ್ನು ಓದಿ ಹೇಳಿದ್ದನ್ನು ಕೇಳಿ, ಅರ್ಥ ಮಾಡಿಕೊಂಡು ಒತ್ತಿದ ಹೆಬ್ಬೆಟ್ಟು." ಅದರ ಕೆಳಗೆ ಓದಿ ಹೇಳಿದವನ ಸಹಿ. ಅದು ನೀನು. ಎರಡನೇ ವಾಕ್ಯದಲ್ಲೇ "ನನ್ನ ಮಗ ಅಡಿಗೆಯವನು" ಎಂದಿದೆ.

ಒಂದು ಅಪಾಯವನ್ನೂ ಹೇಳಬೇಕು. ಸಭೆಯಲ್ಲಿ ಹೆಸರು ಬಂದರೆ ಮರಾಸಾದವರಿಗೂ ತಲಪುತ್ತದೆ. ಅವನು ಯಾರದೋ ಮನೆಯಲ್ಲಿ ಅಡಗಿದ್ದರೆ ಸಿಕ್ಕಿಬೀಳಬಹುದು. ಹೆಸರು ಹೇಳದಿದ್ದರೆ ಹುಡುಕುವವರಿಲ್ಲ. ಇದನ್ನು ತೀರ್ಮಾನ ಮಾಡುವುದು ನಾನಲ್ಲ, ನೀನೂ ಅಲ್ಲ. ಅವಳನ್ನು ಕೇಳು.

ಜಯ


ಬಂದರು, ಮಂಗಳೂರು
4 ಜೂನ್ 1963

ಪ್ರಿಯ ಜಯ,

ಅರ್ಜಿ ಇದರ ಜೊತೆ ಉಂಟು. ಹೆಬ್ಬೆಟ್ಟು ಸ್ವಲ್ಪ ಹರಡಿದೆ, ಕ್ಷಮಿಸಬೇಕು. ಅವಳ ಕೈ ಒದ್ದೆ ಇತ್ತು.

ಹದಿನೈದು ದಿನ ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ದಿನಾ ಬೆಳಿಗ್ಗೆ ಇವತ್ತು ಎನ್ನುವುದು, ಸಂಜೆಯ ಅಸರ್ ಬಾಂಗು ಕೂಗುವಾಗ ನಾಳೆ ಎನ್ನುವುದು. ಹಂಚಿನ ರಾಶಿಗೆ ಅರ್ಜಿ ಓದಿ ಅಭ್ಯಾಸವನ್ನೂ ಮಾಡಿದೆ. ಶನಿವಾರ ಅಕ್ಕ ಮೀನು ಕೊಯ್ದು ತೊಳೆಯುತ್ತಾ ಕೂತಿದ್ದಳು. ಎದುರು ಕುಕ್ಕರಗಾಲಲ್ಲಿ ಕೂತು ಓದಿದೆ. ಜಯ, ನಾನು ಇಷ್ಟು ಕೆಟ್ಟದಾಗಿ ಯಾವತ್ತೂ ಓದಿದವನಲ್ಲ. ಎರಡನೇ ಕ್ಲಾಸಿನ ಹುಡುಗನ ಹಾಗೆ ಒಂದೊಂದೇ ಅಕ್ಷರ.

ಬೆಂಕಿ ಎಂದಾಗ ಅವಳು ಕತ್ತಿ ಕೆಳಗಿಟ್ಟಳು. ಅಡಿಗೆಯವನು ಎಂದಾಗ, "ಯಾರ ಮಗ?" ಎಂದಳು. "ನಿನ್ನ ಮಗ." ಮತ್ತೆ ಕೇಳಿದಳು, "ಯಾರ ಮಗ ಅಡಿಗೆಯವ?" ನಾನು ಎಲ್ಲ ಹೇಳಿದೆ. ಕುರ್ಚಿ, ಫ್ಯಾನು, ಜವಾನ, ಕೈಗಡಿಯಾರ, ಹಂಚಿನ ಚೀಟಿ.

ಅತ್ತರೆ ತಡೆಯಬಹುದಿತ್ತು. ಅಳಲಿಲ್ಲ. ಎದ್ದು ಕೈ ತೊಳೆದು, ಪಕ್ಕದ ಮನೆಯ ಶಶಿಪ್ರಭಾ ಟೀಚರನ್ನು ಕರೆದುಕೊಂಡು ಬಂದಳು. ನಾಲ್ಕು ವರ್ಷದ ಕಾಗದಗಳನ್ನು ಅವರ ಮಡಿಲಿಗೆ ಹಾಕಿ, "ಇವನು ಓದಲಿ, ನೀವು ಬೆರಳಿಟ್ಟು ನೋಡಿ. ಒಂದು ಅಕ್ಷರ ಬಿಟ್ಟರೆ ಇವನ ಕಿವಿ ಹಿಡೀರಿ" ಎಂದಳು. ನಲವತ್ತೆರಡು ವರ್ಷದ ಮೇಸ್ತ್ರಿ ನಾನು! ಟೀಚರು ಎರಡು ಸಲ ಹಿಡಿದರು.

ಮೂವತ್ತೊಂಬತ್ತು ಕಾಗದ. ಸಂಜೆಯವರೆಗೆ ಓದಿದೆ. ಅಲ್ಲಿ ಹುಣಸೆಹುಳಿ ಸಿಗುವುದಿಲ್ಲ, ಒಣಗಿದ ನಿಂಬೆ ಹಾಕ್ತೇನೆ ಎಂದು ಅವನು ಬರೆದದ್ದನ್ನು ಓದುವಾಗ ಅಕ್ಕ ಮೊದಲ ಸಲ ಬಾಯಿ ಬಿಟ್ಟಳು. "ನಿಂಬೆಯಾ? ಬಂಗುಡೆಗೆ ನಿಂಬೆಯಾ?" ಎಂದಳು. ಆಮೇಲೆ, "ಅದು ನನಗೆ ಗೊತ್ತಿದ್ದರೆ ನಾನು ಮಂಜಿಯಲ್ಲಿ ಹುಳಿ ಕಳಿಸ್ತಿದ್ದೆ, ಅದ್ದು. ನಾಲ್ಕು ವರ್ಷ ನೀನು ನನ್ನ ಮಗನನ್ನು ನನಗೆ ಕೊಡಲಿಲ್ಲ" ಎಂದಳು.

ಹೆಸರಿನ ಅಪಾಯವನ್ನೂ ಹೇಳಿದೆ. ಅವಳು ಹೇಳಿದಳು, "ದಕ್ಕೆಯಲ್ಲಿ ಹೆಸರು ಕೂಗದ್ದಕ್ಕೆ ಅಲ್ಲವಾ ಅವನು ಉಳಿದದ್ದು? ಕೂಗಲಿ."

ಟೀಚರು ಅರ್ಜಿಯನ್ನು ಇನ್ನೊಮ್ಮೆ ಓದಿ ಸರಿ ಉಂಟು ಎಂದ ಮೇಲೆಯೇ ಹೆಬ್ಬೆಟ್ಟು ಒತ್ತಿದ್ದು. ಈಗ ಅಕ್ಕ ನನ್ನ ಹತ್ತಿರ ಮಾತಾಡುವುದಿಲ್ಲ. ಅನ್ನ ಬಡಿಸುತ್ತಾಳೆ, ತಟ್ಟೆಯನ್ನು ದೂರದಿಂದ ತಳ್ಳುತ್ತಾಳೆ.

ಅದ್ದು


ನವದೆಹಲಿ
24 ಆಗಸ್ಟ್ 1963

ಪ್ರಿಯ ಅದ್ದು,

ಇದನ್ನು ಸುಹರಕ್ಕನಿಗೆ ಇದ್ದ ಹಾಗೆ ಓದು.

ಗುರುವಾರ ಎಂ.ಪಿ.ಯವರು ಸಮದ್‌ನ ಕಾಗದವನ್ನು ಮೊದಲು ಕನ್ನಡದಲ್ಲಿ ಓದಿದರು, ಮತ್ತೆ ಇಂಗ್ಲಿಷಿನಲ್ಲಿ. ಸರಕಾರದ ಪರವಾಗಿ ಎದ್ದವರು, "ಅಡಿಗೆಯವನೊಬ್ಬ ಬಡಿಸುವಾಗ ಕೇಳಿದ ಮಾತು ದಾಖಲೆಯಾಗುವುದಿಲ್ಲ" ಎಂದರು. ಎಂ.ಪಿ.ಯವರು ಕೂರಲಿಲ್ಲ. "ದಾಖಲೆ ನಿಮ್ಮ ಹತ್ತಿರ ಉಂಟು. ಮೂರು ತಂತಿ ಬಂದದ್ದು ಹೌದೋ ಅಲ್ಲವೋ, ಅಷ್ಟು ಹೇಳಿ" ಎಂದರು. ಈ ಸಲ ಯಾರೂ ನಗಲಿಲ್ಲ. ನಮ್ಮವರ ಪಕ್ಷದವರಲ್ಲದ ಇಬ್ಬರು ಕೂಡ ಎದ್ದು ಹೌದೋ ಅಲ್ಲವೋ ಎಂದು ಕೂಗಿದರು. ಉತ್ತರ ಬಂತು: "ಬಂದದ್ದು ಹೌದು. ಅವು ಎಲ್ಲಿ ತಡೆದವು ಎಂದು ವಿಚಾರಣೆ ಮಾಡಿ ಸಭೆಯ ಮುಂದಿಡುತ್ತೇವೆ. ಏಪ್ರಿಲಿನ ಹೇಳಿಕೆಯನ್ನು ತಿದ್ದುತ್ತೇವೆ."

ಆಮೇಲೆ ಎಂ.ಪಿ.ಯವರು ಸಮದ್ ಎಲ್ಲಿ ಎಂದು ಕೇಳಿದರು. ದಿನಗೂಲಿಯವರು ಪಟ್ಟಿಯಲ್ಲಿ ಬರುವುದಿಲ್ಲ ಎಂದು ಸರಕಾರದವರು ಹೇಳಿದರು. "ಪಟ್ಟಿಯಲ್ಲಿ ಇಲ್ಲದವನಿಗೆ ಬೆಂಕಿ ತಾಗುವುದಿಲ್ಲವೇ?" ಎಂದರು ಇವರು. ಸ್ಪೀಕರರು ಮೇಜು ತಟ್ಟಬೇಕಾಯಿತು.

ಕೊನೆಗೆ ತಿದ್ದಿದ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ನಾನು ನಕಲು ಮಾಡಿಕೊಂಡೆ. ಎಂಟನೇ ಸಾಲು: "ಅಬ್ದುಲ್ ಸಮದ್, ಮಂಗಳೂರು. ಅಡಿಗೆಯವ, ಒಬ್ಬ. ಇರುವ ಸ್ಥಳ ತಿಳಿದಿಲ್ಲ. ವಿಚಾರಿಸಲಾಗುತ್ತಿದೆ."

ಹೆಸರು ಕೂಗಿ ಆಯಿತು, ಅದ್ದು. ಇನ್ನು ಕಾಯಬೇಕು. ನನಗೂ ನಿದ್ದೆ ಸರಿಯಾಗಿ ಬರುವುದಿಲ್ಲ.

ನಿನ್ನ ಜಯ


ಬಂದರು, ಮಂಗಳೂರು
29 ಸೆಪ್ಟೆಂಬರ್ 1963

ಪ್ರಿಯ ಜಯ,

ಎಂ.ಪಿ.ಯವರಿಗೆ ಬಂದ ಸರಕಾರದ ಉತ್ತರವನ್ನು ನೀನು ಕನ್ನಡ ಮಾಡಿ ಕಳಿಸಿದ್ದು ಶುಕ್ರವಾರ ಸಿಕ್ಕಿತು. ಜುಮಾ ನಮಾಜು ಮುಗಿಸಿ ಬರುವಾಗ ಪೋಸ್ಟಿನವ ದಾರಿಯಲ್ಲೇ ಕೊಟ್ಟ. ದಾರಿಯಲ್ಲೇ ಒಡೆದೆ. ಮನೆಗೆ ಮುಟ್ಟುವ ಮೊದಲು ಒಬ್ಬನೇ ಓದಿಕೊಳ್ಳುವ ಹಳೆಯ ಚಟ. ಓದಿ, ಯಾರದೋ ಗೋದಾಮಿನ ಮೆಟ್ಟಿಲಲ್ಲಿ ಕೂತೆ.

ಬದುಕಿದ್ದಾನೆ. ಆ ಪದವನ್ನು ಎಷ್ಟು ಸಲ ಓದಿದೆನೋ. ಮರಾಸಾದ ಜೈಲಿನ ಆಸ್ಪತ್ರೆಯಲ್ಲಿದ್ದಾನೆ, ಬಿಡಿಸುವ ಮಾತುಕತೆ ನಡೆಯುತ್ತಾ ಉಂಟು. ಅಲ್ಲಿಗೇ ನಿಂತಿದ್ದರೆ ನಾನು ಬಂದರದ ಉದ್ದಕ್ಕೆ ಕುಣಿದುಕೊಂಡು ಹೋಗುತ್ತಿದ್ದೆ. ಆದರೆ ಅದರ ಕೆಳಗೆ ಇನ್ನೊಂದು ಸಾಲು ಉಂಟಲ್ಲ: "ಅಲ್ಲಿಯ ಪೊಲೀಸರ ವಿಚಾರಣೆಯ ಕಾಲದಲ್ಲಿ ಕೈಯ ಎರಡು ಬೆರಳುಗಳನ್ನು ಕಳೆದುಕೊಂಡಿರುತ್ತಾನೆ."

ಮೆಟ್ಟಿಲಲ್ಲಿ ಕೂತು ನನಗೆ ನಾನೇ ಹೇಳಿಕೊಂಡೆ, ಅದ್ದು, ಇದೊಂದು ಸಾಲು ಬಿಡು. ಟೀಚರು ಶಾಲೆಗೆ ಹೋಗಿದ್ದಾರೆ, ಯಾರು ನೋಡ್ತಾರೆ? ಅವನು ಬಂದ ದಿನ ಅವಳೇ ನೋಡಿಕೊಳ್ಳಲಿ, ಅಲ್ಲಿಯವರೆಗೆ ನಿದ್ದೆಯಾದರೂ ಮಾಡಲಿ. ಇದು ಸುಳ್ಳು ಅಲ್ಲ, ದಯೆ. ಹೀಗೆ ಹೇಳಿಕೊಂಡೇ ಮನೆಗೆ ಹೋದೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ತಿಂಗಳ ಮೇಲೆ ಮೊದಲ ಸಲ ನನ್ನ ಹತ್ತಿರ ಮಾತಾಡಿದಳು. ಒಂದೇ ಮಾತು, "ಓದು."

ಓದಿದೆ. ಬದುಕಿದ್ದಾನೆ ಎಂದಾಗ ಅವಳು ಹೊಸ್ತಿಲಲ್ಲಿ ಕೂತಳು. ಅಲ್‌ಹಂದುಲಿಲ್ಲಾಹ್ ಎಂದು ಹೇಳುತ್ತಲೇ ಇದ್ದಳು. ಅಲ್ಲಿ ಕಾಗದ ಮಡಚಿದರೆ ಆಗಿಹೋಗ್ತಿತ್ತು. ನನ್ನ ಕೈ ಮಡಚಲು ಹೊರಟಿತ್ತು ಕೂಡ. ಬಾಯಿ ಮುಂದಿನ ಸಾಲಿಗೆ ಹೋಯಿತು. ಓದಿಬಿಟ್ಟೆ, ಜಯ. ಎರಡು ಬೆರಳು ಎಂದು ಓದಿದೆ.

ಅವಳು ತನ್ನ ಎರಡೂ ಕೈಯನ್ನು ಮಡಿಲಲ್ಲಿ ಬಿಡಿಸಿಟ್ಟು ನೋಡುತ್ತಾ ಕೂತಳು. ಒಂದೊಂದೇ ಬೆರಳು ಮಡಚಿದಳು, ಬಿಡಿಸಿದಳು. ಮತ್ತೆ ಕೇಳಿದಳು, "ಯಾವ ಕೈ? ಯಾವ ಬೆರಳು?"

ಎಡಗೈಯ ಕಿರುಬೆರಳು ಮತ್ತು ಅದರ ಪಕ್ಕದ್ದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಆ ಬೆರಳು ಇಲ್ಲದಿದ್ದರೂ ಕತ್ತಿ ಹಿಡಿಯಬಹುದು, ಸೌಟು ಹಿಡಿಯಬಹುದು.

"ಅದು ಬರೆದಿಲ್ಲ" ಎಂದೆ.

"ಬರೆಯದಿದ್ದರೆ ಕೇಳಬೇಕು. ಯಾವ ಕೈ, ಯಾವ ಬೆರಳು, ಯಾರು ಕೊಯ್ದದ್ದು, ಆಗ ನಮ್ಮ ಸರಕಾರ ಎಲ್ಲಿತ್ತು. ಬರಿ" ಎಂದಳು.

ಸಭೆ ನವೆಂಬರಿನಲ್ಲಿ ಸೇರುತ್ತದೆ ಎಂದು ಬರೆದಿದ್ದಿ. ಅವಳ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ, ಅವಳು ಹೇಳಿದ ಕ್ರಮದಲ್ಲೇ. ಹೆಬ್ಬೆಟ್ಟು ಉಂಟು, ಓದಿ ಹೇಳಿದವನ ಸಹಿ ಉಂಟು. ಮೊದಲನೆಯದಾಗಿ ಬೆರಳನ್ನೇ ಕೇಳಿಸು.

ಅಬ್ದುಲ್ ರಹಿಮಾನ್ ಯಾನೆ ಅದ್ದು
ಹಂಚು ತುಂಬಿಸುವ ಮೇಸ್ತ್ರಿ